ಗ್ಯಾರೇಜ್ ಪ್ರಶ್ನೋತ್ತರ: ಎಪಾಕ್ಸಿ ಒಣಗಿತು, ಈಗ ಬಣ್ಣ ಹೊಡೆಯಬಹುದಾ?

ಈ ಸಲ ಬಂದ ಪತ್ರಗಳಲ್ಲಿ ಬಹುಪಾಲು ಒಂದೇ ವಿಷಯದ ಮೇಲಿವೆ. ಬೆಂಗಳೂರಿನ ಮಳೆ ಮೇ ತಿಂಗಳಲ್ಲಿ ಶುರುವಾದರೆ ಅಕ್ಟೋಬರ್ ತನಕ ಬಿಟ್ಟು ಬಿಟ್ಟು ಕಾಡುತ್ತದೆ. ಮನೆ ಮುಂದೆ ಗಾಡಿ ಬಿಚ್ಚಿಟ್ಟುಕೊಂಡು ಪ್ರೈಮರ್ ತನಕ ಬಂದವರು ಅಲ್ಲಿಗೇ ನಿಂತುಬಿಡುತ್ತಾರೆ. ಬಿಸಿಲು ಬಂದಾಗ ಮುಂದೇನು ಅಂತ ತೋಚುವುದಿಲ್ಲ. ಹಾಗಾಗಿ ಈ ಸಂಚಿಕೆಯ ಅಂಕಣ ಪೂರ್ತಿ ಎಪಾಕ್ಸಿ ಪ್ರೈಮರ್‌ಗೆ, ಅಂದರೆ ತುಕ್ಕು ತಡೆಯಲು ಬಣ್ಣಕ್ಕೂ ಮೊದಲು ತಗಡಿಗೆ ಹೊಡೆಯುವ ತಳದ ಪದರಕ್ಕೆ. ಮೈಲೇಜ್, ಬ್ಯಾಟರಿ ಬಗ್ಗೆ ಬರೆದವರು ಮುಂದಿನ ತಿಂಗಳವರೆಗೆ ಸ್ವಲ್ಪ ತಾಳ್ಮೆ ಇಟ್ಟುಕೊಳ್ಳಿ.

ಪ್ರಶ್ನೆ: ಅಪ್ಪನ ಕಾಲದ ಮಾರುತಿ 800 ಇದೆ, ನಾನೇ ಪೇಂಟ್ ಮಾಡುತ್ತಿದ್ದೇನೆ. ಹಳೇ ಬಣ್ಣ ಪೂರ್ತಿ ತೆಗೆದು, ಬರಿಯ ತಗಡಿನ ಮೇಲೆ ಎರಡು ಕೋಟ್ ಎಪಾಕ್ಸಿ ಪ್ರೈಮರ್ ಹೊಡೆದೆ. ಅಷ್ಟರಲ್ಲಿ ಮಳೆ ಹಿಡಿಯಿತು, ಕಂಪ್ರೆಸರ್ ಕೊಟ್ಟಿದ್ದ ಸ್ನೇಹಿತ ಊರಿಗೆ ಹೋದ. ಈಗ ಒಂದು ತಿಂಗಳ ಮೇಲಾಯಿತು. ಪ್ರೈಮರ್ ಗಟ್ಟಿಯಾಗಿ, ನೀಟಾಗಿ ಕೂತಿದೆ. ಬೀದಿ ಕೊನೆಯ ಪೇಂಟರ್ ‘ಥಿನ್ನರ್ ಹಾಕಿ ಒರೆಸಿ ಹೊಡೆದುಬಿಡಿ’ ಅನ್ನುತ್ತಾರೆ. ಇನ್ನೊಬ್ಬರು ‘ಟೈಮ್ ಮೀರಿದೆ, ಎಲ್ಲಾ ಕೆರೆದು ಮೊದಲಿಂದ ಮಾಡಬೇಕು’ ಅಂತ ಹೆದರಿಸುತ್ತಾರೆ. ಯಾರ ಮಾತು ಕೇಳಲಿ?
– ರಾಜಾಜಿನಗರದ ಓದುಗರು

ಉತ್ತರ: ಇಬ್ಬರದೂ ಬೇಡ. ಕೆರೆಯುವ ಅಗತ್ಯ ಇಲ್ಲ, ಆದರೆ ಬರೀ ಥಿನ್ನರ್ ಒರೆಸಿ ಹೊಡೆದರೆ ಬಣ್ಣ ಇವತ್ತಲ್ಲ ನಾಳೆ ಹಾಳೆಹಾಳೆಯಾಗಿ ಎದ್ದು ಬರುವ ಸಾಧ್ಯತೆ ಇದೆ. ಕಲ್ಲು ಸಿಡಿದ ಕಡೆ ಮೊದಲು ಏಳುತ್ತದೆ, ಆಮೇಲೆ ಪ್ರೆಶರ್ ವಾಶ್ ಮಾಡಿಸಿದ ದಿನ ಉಳಿದದ್ದು.

ಯಾಕೆ ಅಂತ ಹೇಳುತ್ತೇನೆ. ಎಪಾಕ್ಸಿ ಎರಡು ಡಬ್ಬಿಯ ಮಾಲು. ಒಂದರಲ್ಲಿ ರಾಳ, ಇನ್ನೊಂದರಲ್ಲಿ ಹಾರ್ಡನರ್. ಎರಡೂ ಬೆರೆತ ಮೇಲೆ ಒಂದಕ್ಕೊಂದು ಹೆಣೆದುಕೊಳ್ಳುತ್ತಾ ಹೋಗುತ್ತವೆ. ಕೈಗೆ ಅಂಟದ ಹಾಗೆ ಒಣಗುವುದು ಕೆಲವು ಗಂಟೆಯ ಮಾತು, ಆದರೆ ಒಳಗಿನ ಈ ಹೆಣಿಗೆ ದಿನಗಟ್ಟಲೆ ನಡೆಯುತ್ತಲೇ ಇರುತ್ತದೆ. ಅದು ಮುಗಿಯುವ ಮೊದಲು ಮೇಲೆ ಇನ್ನೊಂದು ಕೋಟ್ ಬಿದ್ದರೆ, ಎರಡೂ ಪದರ ರಾಸಾಯನಿಕವಾಗಿಯೇ ಬೆಸೆದುಕೊಳ್ಳುತ್ತವೆ. ಉಜ್ಜುವ ಕೆಲಸವೇ ಇಲ್ಲ. ಹೆಣಿಗೆ ಮುಗಿಯಿತೋ, ಮೇಲ್ಮೈ ಬಾಗಿಲು ಹಾಕಿಕೊಂಡ ಹಾಗೆ. ಆಮೇಲೆ ಮೇಲಿನ ಬಣ್ಣಕ್ಕೆ ಹಿಡಿದುಕೊಳ್ಳಲು ಉಳಿಯುವುದು ಒಂದೇ, ನಾವು ಪೇಪರ್ (ಉಜ್ಜುವ ಸ್ಯಾಂಡ್‌ಪೇಪರ್) ಹಾಕಿ ಮಾಡಿದ ಸಣ್ಣ ಸಣ್ಣ ಗೀರುಗಳು.

ಬಾಗಿಲು ಎಷ್ಟು ಹೊತ್ತು ತೆರೆದಿರುತ್ತದೆ ಅನ್ನುವುದು ಒಂದೊಂದು ಕಂಪನಿಯ ಮಾಲಿಗೆ ಒಂದೊಂದು ಥರ. ಕೆಲವಕ್ಕೆ 24 ಗಂಟೆ, ಕೆಲವಕ್ಕೆ 72 ಗಂಟೆ, ಕೆಲವಕ್ಕೆ 7 ದಿನ. ಪ್ರತಿ ಪ್ರೈಮರ್‌ಗೂ ಟೆಕ್ನಿಕಲ್ ಡೇಟಾ ಶೀಟ್ ಅಂತ ಒಂದೆರಡು ಪುಟದ ಹಾಳೆ ಇರುತ್ತದೆ, ಡಬ್ಬಿಯ ಮೇಲಿನ ಪ್ರಾಡಕ್ಟ್ ನಂಬರ್ ಹಾಕಿ ಹುಡುಕಿದರೆ ಕಂಪನಿಯ ವೆಬ್‌ಸೈಟ್‌ನಲ್ಲೇ ಸಿಗುತ್ತದೆ. ಪೇಂಟ್ ಅಂಗಡಿಯವರನ್ನು ಕೇಳಿದರೆ ಅವರ ಫೋನ್‌ನಲ್ಲೂ ಇರಬಹುದು. ಅದರಲ್ಲಿ ‘ರೀಕೋಟ್’ (ಮುಂದಿನ ಕೋಟ್ ಹೊಡೆಯುವ ಸಮಯ) ಅನ್ನುವ ಸಾಲು ನೋಡಿ. ಎರಡು ಅಂಕಿ ಇರುತ್ತವೆ, ಕನಿಷ್ಠ ಮತ್ತು ಗರಿಷ್ಠ. ನಮ್ಮ ಜನ ಕನಿಷ್ಠ ನೋಡುತ್ತಾರೆ, ಗರಿಷ್ಠ ಬಿಟ್ಟುಬಿಡುತ್ತಾರೆ. ಪಕ್ಕದಲ್ಲೇ ಇಷ್ಟು ಡಿಗ್ರಿಯಲ್ಲಿ ಅಂತ ಬರೆದಿರುತ್ತದೆ, ಸಾಮಾನ್ಯವಾಗಿ 20ರಿಂದ 25. ಅದನ್ನೂ ಓದಿ. ಬಿಸಿಲಿಗೆ ಕಾದ ತಗಡಿನ ಮೇಲೆ ಈ ಅವಧಿ ಇನ್ನೂ ಬೇಗ ಮುಗಿಯುತ್ತದೆ.

ನಿಮ್ಮದು ಒಂದು ತಿಂಗಳು. ನಾನು ಮೇಲೆ ಹೇಳಿದ ಯಾವ ಅವಧಿಗೂ ಅದು ಒಳಪಡುವುದಿಲ್ಲ. ಸರಿ, ಈಗ ಉಜ್ಜುವ ದಾರಿ.

ಮೊದಲು ತೊಳೆಯಿರಿ, ಆಮೇಲೆ ಉಜ್ಜಿ. ಈ ಕ್ರಮ ತಿರುಗಿಸಬೇಡಿ. ಧೂಳು, ಕೈಯ ಜಿಡ್ಡು, ಪಕ್ಕದ ಬೈಕ್‌ಗೆ ಹೊಡೆದ ಚೈನ್ ಸ್ಪ್ರೇಯ ಹನಿ, ಇವೆಲ್ಲ ಮೇಲೆ ಕೂತಿರುವಾಗಲೇ ಪೇಪರ್ ಹಾಕಿದರೆ ಜಿಡ್ಡನ್ನು ಗೀರಿನೊಳಕ್ಕೆ ನೀವೇ ತುಂಬಿದ ಹಾಗೆ. ಸೋಪಿನ ನೀರಲ್ಲಿ ತೊಳೆದು, ಚೆನ್ನಾಗಿ ಒಣಗಿಸಿ. ನಂತರ ವ್ಯಾಕ್ಸ್ ಅಂಡ್ ಗ್ರೀಸ್ ರಿಮೂವರ್, ಎರಡು ಬಟ್ಟೆಯಲ್ಲಿ. ಒಂದರಿಂದ ಒದ್ದೆ ಮಾಡುವುದು, ಅದು ಆರಿಹೋಗುವ ಮೊದಲೇ ಇನ್ನೊಂದು ಒಣ ಬಟ್ಟೆಯಿಂದ ಎತ್ತಿಬಿಡುವುದು. ತಾನಾಗೇ ಆರಲು ಬಿಟ್ಟರೆ ಜಿಡ್ಡು ಹೋಗುವುದಿಲ್ಲ, ಜಾಗ ಬದಲಾಯಿಸುತ್ತದೆ ಅಷ್ಟೇ. ಒಂದೊಂದು ಸಲಕ್ಕೆ ಒಂದು ಬಾಗಿಲಿನಷ್ಟು ಜಾಗ ಸಾಕು. ಬಟ್ಟೆ ಆಗಾಗ ಮಡಚಿ ಹೊಸ ಬದಿ ತಿರುಗಿಸಿಕೊಳ್ಳಿ.

ಇನ್ನು ಆ ಪೇಂಟರ್ ಹೇಳಿದ ಥಿನ್ನರ್. ಪೂರ್ತಿ ಗಟ್ಟಿಯಾದ ಎಪಾಕ್ಸಿಗೆ ಥಿನ್ನರ್ ಏನೂ ಮಾಡುವುದಿಲ್ಲ, ಅರೆಬರೆ ಗಟ್ಟಿಯಾದದ್ದಕ್ಕೆ ಬೇಡದ್ದನ್ನು ಮಾಡುತ್ತದೆ. ಮೆತ್ತಗಾಗಿಸಿ ಒಳಗೆ ಇಳಿದು, ಮುಂದೆ ಬಣ್ಣದಡಿಯಿಂದ ಗುಳ್ಳೆಯಾಗಿ ಹೊರಬರಲು ನೋಡುತ್ತದೆ. ಸ್ಪ್ರೇ ಗನ್ ತೊಳೆಯಲು ಇಟ್ಟುಕೊಳ್ಳಿ ಅದನ್ನ.

ಈಗ ಪೇಪರ್. ನಂಬರ್ ಹೆಚ್ಚಿದಷ್ಟೂ ಪೇಪರ್ ನಯ. ಮೇಲೆ 2ಕೆ (ಹಾರ್ಡನರ್ ಬೆರೆಸುವ ಎರಡು ಡಬ್ಬಿಯ) ಸರ್ಫೇಸರ್, ಅಂದರೆ ಸಣ್ಣ ಏರುತಗ್ಗು ಮುಚ್ಚುವ ಪದರ, ಹೊಡೆಯುವ ಯೋಚನೆ ಇದ್ದರೆ 320 ನಂಬರ್ ಸಾಕು. ನೇರವಾಗಿ ಬಣ್ಣವೇ ಆದರೆ 400ರಿಂದ 600, ಮೆಟಾಲಿಕ್ ಬಣ್ಣ ಇದ್ದರೆ 600ರಿಂದ 800, ಇಲ್ಲದಿದ್ದರೆ ಬಿಸಿಲಲ್ಲಿ ಗೀರುಗಳೆಲ್ಲ ಎದ್ದು ಕಾಣುತ್ತವೆ. ಉಜ್ಜುವುದು ಅಂದರೆ ತೆಳ್ಳಗೆ ಮಾಡುವುದಲ್ಲ. ಹೊಳಪು ಹೋಗಿ ಎಲ್ಲಾ ಕಡೆ ಒಂದೇ ಥರ ಮಂಕಾದರೆ ಮುಗಿಯಿತು. ಓರೆಯಾಗಿ ಟಾರ್ಚ್ ಬಿಟ್ಟು ನೋಡಿ, ಎಲ್ಲಿ ಮಿನುಗುತ್ತದೋ ಅಲ್ಲಿ ಬಣ್ಣ ಹಿಡಿಯುವುದಿಲ್ಲ ಅಂತಲೇ ಲೆಕ್ಕ. ಸಾಮಾನ್ಯವಾಗಿ ತಪ್ಪಿಹೋಗುವುದು ಬಾಗಿಲಿನ ಹಿಡಿ ಕೂರುವ ತಗ್ಗು, ಮೇಲ್ಛಾವಣಿಯ ಗಟರ್, ಬಾನೆಟ್‌ನ ಗೆರೆ ಮೂಲೆಗಳು. ಅಲ್ಲೆಲ್ಲ ಪೇಪರ್ ಬೇಡ, ಸ್ಕಾಚ್ ಬ್ರೈಟ್ ಪ್ಯಾಡ್ ತಗೊಳ್ಳಿ. ಕೆಂಪು ಸ್ವಲ್ಪ ಒರಟು, ಬೂದು ನಯ. ಪಾತ್ರೆ ತೊಳೆಯುವ ಹಸಿರು ಪ್ಯಾಡ್ ಬೇಡ.

ನಮ್ಮ ಗ್ಯಾರೇಜ್‌ಗಳಲ್ಲಿ ನೀರು ಹಾಕಿ ಉಜ್ಜುವ ಅಭ್ಯಾಸ ಜಾಸ್ತಿ. ಗಟ್ಟಿಯಾದ ಎಪಾಕ್ಸಿಗೆ ನೀರಿನಿಂದ ತೊಂದರೆ ಇಲ್ಲ, ಆದರೆ ಅಂಚಿನಲ್ಲಿ ಒಂದು ಕಡೆ ತಗಡು ಕಾಣಿಸಿಕೊಂಡರೆ ಅಲ್ಲಿ ಬೇಗ ತುಕ್ಕಿನ ಬಣ್ಣ ಬರುತ್ತದೆ. ಮೊದಲ ಸಲ ಮಾಡುತ್ತಿರುವವರು ಒಣ ಉಜ್ಜಿದರೆ ಒಳ್ಳೆಯದು. ಧೂಳು ಮೂಗಿಗೆ ಹೋಗದಂತೆ ಮಾಸ್ಕ್ ಹಾಕಿ. ತಗಡು ಕಂಡ ಕಡೆಯೆಲ್ಲ ಮತ್ತೆ ಎಪಾಕ್ಸಿ ಹಚ್ಚಲೇಬೇಕು, ‘ಇಷ್ಟು ಸಣ್ಣದಲ್ವಾ’ ಅಂತ ಬಿಡಬೇಡಿ.

ಇಲ್ಲಿಂದ ಮುಂದೆ ನನ್ನ ಸಲಹೆ ಕೇಳುವುದಾದರೆ, ಉಜ್ಜಿ, ಮತ್ತೆ ಗ್ರೀಸ್ ರಿಮೂವರ್ ಹಾಕಿ ಒರೆಸಿ, ಅದೇ ಎಪಾಕ್ಸಿಯನ್ನು ಸ್ವಲ್ಪ ತೆಳ್ಳಗೆ ಮಾಡಿಕೊಂಡು ಇನ್ನೊಂದು ಕೋಟ್ ಎಲ್ಲಾ ಕಡೆ ಹೊಡೆಯಿರಿ. ಎಷ್ಟು ತೆಳ್ಳಗೆ, ಯಾವ ಥಿನ್ನರ್, ಅದೂ ಡೇಟಾ ಶೀಟ್‌ನಲ್ಲಿ ಇರುತ್ತದೆ. ಹೀಗೆ ಮಾಡಿದರೆ ಎರಡು ಲಾಭ. ಉಜ್ಜುವಾಗ ತಪ್ಪಿಹೋದ ತಗಡಿನ ಚುಕ್ಕೆಗಳು ಮುಚ್ಚುತ್ತವೆ, ಮತ್ತು ಹೊಸ ಕೋಟ್‌ನಿಂದ ರೀಕೋಟ್ ಅವಧಿ ಮೊದಲಿನಿಂದ ಶುರುವಾಗುತ್ತದೆ. ಹಾಳೆ ಹೇಳಿದ ಕನಿಷ್ಠ ಸಮಯ ಕಳೆದ ಮೇಲೆ, ಗರಿಷ್ಠ ಮುಗಿಯುವ ಮೊದಲು, ಅಂದರೆ ಸಾಧ್ಯವಾದರೆ ಅದೇ ದಿನವೇ ಬಣ್ಣ ಹೊಡೆದುಬಿಡಿ. ಸ್ವಲ್ಪ ಖರ್ಚು ಜಾಸ್ತಿ, ಆದರೆ ಇಡೀ ಕಾರಿನ ಬಣ್ಣ ಏಳುವ ಖರ್ಚಿನ ಮುಂದೆ ಅದು ಏನೂ ಅಲ್ಲ.

ಒಂದು ಮಾತು ಬಿಟ್ಟುಹೋಯಿತು. ತಿಂಗಳು ಪೂರ್ತಿ ಗಾಡಿ ಎಲ್ಲಿ ನಿಂತಿತ್ತು ಅಂತ ನೀವು ಬರೆದಿಲ್ಲ. ಎಪಾಕ್ಸಿ ನೀರಿಗೆ ಚೆನ್ನಾಗಿ ತಡೆಯುತ್ತದೆ, ಬರೀ ಸರ್ಫೇಸರ್ ಹೊಡೆದು ಮಳೆಯಲ್ಲಿ ಬಿಟ್ಟಿದ್ದರೆ ಅದು ನೀರು ಕುಡಿದು ಕೆಳಗೆ ತುಕ್ಕು ಹಿಡಿಸುತ್ತಿತ್ತು. ಆದರೆ ಎಪಾಕ್ಸಿಗೆ ಬಿಸಿಲು ಆಗುವುದಿಲ್ಲ. ತಿಂಗಳುಗಟ್ಟಲೆ ಬಿಸಿಲು ಬಿದ್ದರೆ ಮೇಲೆ ಸುಣ್ಣದ ಪುಡಿಯಂತೆ ಬಿಳಿಚುತ್ತದೆ. ಕೈ ಸವರಿದಾಗ ಪುಡಿ ಬಂದರೆ, ಆ ಪದರ ಹೋಗುವ ತನಕ ಉಜ್ಜಬೇಕು.

ಪ್ರಶ್ನೆ: ನನ್ನದು ಉಲ್ಟಾ ಸಮಸ್ಯೆ. ಭಾನುವಾರ ಒಂದೇ ದಿನ ಸಿಗುವುದು. ಬೆಳಿಗ್ಗೆ ಎಪಾಕ್ಸಿ ಹೊಡೆದು ಸಂಜೆಗೆ ಬೇಸ್ ಕೋಟ್ (ಬಣ್ಣದ ಪದರ), ಕ್ಲಿಯರ್ (ಅದರ ಮೇಲಿನ ಪಾರದರ್ಶಕ ಪದರ) ಎರಡೂ ಮುಗಿಸಬಹುದಾ? ಡಿಸೆಂಬರ್‌ನಲ್ಲಿ ಮಾಡಬೇಕು ಅಂದುಕೊಂಡಿದ್ದೇನೆ, ಮಳೆ ಇರುವುದಿಲ್ಲ ಅಂತ.
– ಎಚ್‌ಎಸ್‌ಆರ್ ಲೇಔಟ್‌ನ ಓದುಗರು

ಉತ್ತರ: ಮಾಡಬಹುದು, ನಿಮ್ಮ ಪ್ರೈಮರ್‌ನ ಹಾಳೆ ಒಪ್ಪಿದರೆ. ಕೆಲವು ಎಪಾಕ್ಸಿಗಳನ್ನು ತೆಳ್ಳಗೆ ಮಾಡಿ ಒಂದೇ ಕೋಟ್ ಹೊಡೆದರೆ, ಅರ್ಧ ಗಂಟೆ ಒಂದು ಗಂಟೆಯಲ್ಲಿ ಮೇಲೆ ಬೇಸ್ ಕೋಟ್ ಹೊಡೆಯಲು ಬಿಡುತ್ತಾರೆ. ದಪ್ಪಗೆ ಎರಡು ಮೂರು ಕೋಟ್ ಹಾಕಿದರೆ ಆ ಲೆಕ್ಕ ನಡೆಯುವುದಿಲ್ಲ.

ಅವಸರ ಮಾಡಿದರೆ ಏನಾಗುತ್ತದೆ ಅಂದರೆ, ಪ್ರೈಮರ್‌ನ ಒಳಗಿನ ಥಿನ್ನರ್ ಆವಿ ಹೊರಬರುವ ಮೊದಲೇ ನೀವು ಮೇಲೆ ಮುಚ್ಚಳ ಹಾಕಿರುತ್ತೀರಿ. ಅದು ಸುಮ್ನೆ ಕೂರುವುದಿಲ್ಲ. ಕ್ಲಿಯರ್‌ನಲ್ಲಿ ಸೂಜಿ ಚುಚ್ಚಿದಂಥ ತೂತುಗಳು ಬರುತ್ತವೆ, ಅಥವಾ ಆ ದಿನ ಕನ್ನಡಿಯ ಹಾಗಿದ್ದ ಬಣ್ಣ ಕೆಲವು ವಾರದಲ್ಲಿ ಕುಗ್ಗಿ, ಕೆಳಗಿನ ಉಜ್ಜಿದ ಗೀರುಗಳೆಲ್ಲ ಮೇಲೆ ಕಾಣಿಸುತ್ತವೆ. ಕೋಟ್ ಕೋಟ್ ಮಧ್ಯೆ ಹಾಳೆ ಹೇಳಿದಷ್ಟು, ಸಾಮಾನ್ಯವಾಗಿ 15ರಿಂದ 30 ನಿಮಿಷ, ಬಿಡಲೇಬೇಕು. ಒಣಗಿದೆಯಾ ಅಂತ ನೋಡಲು ಪ್ಯಾನಲ್ ಮುಟ್ಟಬೇಡಿ, ಪಕ್ಕದ ಮಾಸ್ಕಿಂಗ್ ಟೇಪ್ ಮೇಲೆ ಬಿದ್ದಿರುತ್ತದಲ್ಲ, ಅದನ್ನು ಮುಟ್ಟಿ ನೋಡಿ.

ಡಿಸೆಂಬರ್ ವಿಚಾರಕ್ಕೆ ಬರೋಣ. ಮಳೆ ಇಲ್ಲ, ನಿಜ. ಆದರೆ ನಮ್ಮಲ್ಲಿ ಆಗ ಬೆಳಗಿನ ಜಾವ 15–16 ಡಿಗ್ರಿಗೆ ಇಳಿಯುವುದು ಮಾಮೂಲು, ಕೆಲವು ದಿನ ಇನ್ನೂ ಕೆಳಗೆ. 15ರ ಕೆಳಗೆ ಎಪಾಕ್ಸಿ ಬಹಳ ನಿಧಾನ, 10ರ ಹತ್ತಿರ ಹೋದರೆ ನಿಂತೇಬಿಟ್ಟಿತು ಅನ್ನಬೇಕು. ರಾತ್ರಿಯಿಡೀ ಹತ್ತು ಗಂಟೆ ಕಾಲ ಕಳೆಯಿತು ಅಂತ ನೀವು ಲೆಕ್ಕ ಹಾಕುತ್ತೀರಿ, ಪ್ರೈಮರ್‌ನೊಳಗಿನ ರಸಾಯನಕ್ಕೆ ಅದರಲ್ಲಿ ಅರ್ಧವೂ ಕಳೆದಿರುವುದಿಲ್ಲ. ಬೆಳಿಗ್ಗೆ ಹತ್ತರ ಬಿಸಿಲಿಗೆ ತಗಡು ಬೆಚ್ಚಗಾದ ಮೇಲೆ ಶುರುಮಾಡಿ. ಡಬ್ಬಿಗಳನ್ನು ಹಿಂದಿನ ರಾತ್ರಿ ಮನೆಯೊಳಗೇ ಇಟ್ಟುಕೊಳ್ಳಿ. ಬೇಗ ಆಗಲಿ ಅಂತ ಹೊಡೆದ ಕೂಡಲೇ ಹ್ಯಾಲೋಜೆನ್ ಲೈಟ್ ಹತ್ತಿರ ಹಿಡಿಯಬೇಡಿ. ಮೇಲ್ಪದರ ಮೊದಲು ಗಟ್ಟಿಯಾಗಿ ಒಳಗಿನ ಆವಿ ಸಿಕ್ಕಿಹಾಕಿಕೊಳ್ಳುತ್ತದೆ.

ಇನ್ನೊಂದು, ಬೆರೆಸಿದ ಮೇಲೆ ಕೆಲವು ಎಪಾಕ್ಸಿಗಳನ್ನು 15ರಿಂದ 30 ನಿಮಿಷ ಹಾಗೇ ಬಿಟ್ಟು ಆಮೇಲೆ ಹೊಡೆಯಬೇಕು ಅಂತ ಹಾಳೆಯಲ್ಲಿ ಬರೆದಿರುತ್ತದೆ. ಭಾನುವಾರದವರು ಮೊದಲು ಹಾರಿಸುವುದು ಈ ಸಾಲನ್ನೇ. ಬೆರೆಸುವ ಪ್ರಮಾಣವೂ ಹಾಗೇ. 1:1, 2:1, 4:1, ಏನು ಬರೆದಿದೆಯೋ ಅಷ್ಟೇ. ಬೇಗ ಒಣಗಲಿ ಅಂತ ಹಾರ್ಡನರ್ ಜಾಸ್ತಿ ಹಾಕುವವರನ್ನು ನೋಡಿದ್ದೇನೆ. ಜಾಸ್ತಿ ಹಾಕಿದ್ದಕ್ಕೆ ಬೆರೆಯಲು ಜೊತೆ ಸಿಗುವುದಿಲ್ಲ, ಅದು ಹಾಗೇ ಮೆತ್ತಗೆ ಉಳಿಯುತ್ತದೆ.

ಪ್ರಶ್ನೆ: ಜುಲೈನಲ್ಲಿ ಸಂಜೆ ಹೊತ್ತು ಸ್ಕೂಟರ್‌ನ ಬಾಡಿ ಮೇಲೆ ಎಪಾಕ್ಸಿ ಹೊಡೆದೆ. ಬೆಳಿಗ್ಗೆ ನೋಡಿದರೆ ಮೇಲೆ ತೆಳ್ಳಗೆ ಮೇಣ ಸವರಿದ ಹಾಗೆ ಜಿಡ್ಡು. ಉಜ್ಜಲು ಹೋದರೆ ಪೇಪರ್‌ಗೆಲ್ಲ ಅಂಟಿಕೊಳ್ಳುತ್ತಿದೆ. ಪ್ರೈಮರ್ ಕೆಟ್ಟಿದೆಯಾ?
– ಮಲ್ಲೇಶ್ವರದ ಓದುಗರು

ಉತ್ತರ: ಪ್ರೈಮರ್ ಕೆಟ್ಟಿಲ್ಲ, ಗಾಳಿ ಕೆಟ್ಟಿತ್ತು. ತಂಪು, ತೇವ ಎರಡೂ ಸೇರಿದಾಗ ಹಾರ್ಡನರ್‌ನಲ್ಲಿರುವ ಅಮೈನ್ ಅನ್ನುವ ರಾಸಾಯನಿಕ ಮೇಲ್ಮೈಗೆ ಬಂದು, ಗಾಳಿಯ ತೇವ ಮತ್ತು ಇಂಗಾಲದ ಡೈಆಕ್ಸೈಡ್ ಜೊತೆ ಸೇರಿ ಇಂಥ ಜಿಡ್ಡು ಮಾಡುತ್ತದೆ. ಪೇಂಟ್‌ನವರು ಇದನ್ನು ಅಮೈನ್ ಬ್ಲಶ್ ಅನ್ನುತ್ತಾರೆ. ಇದರ ಮೇಲೆ ಏನು ಹೊಡೆದರೂ ನಿಲ್ಲುವುದಿಲ್ಲ.

ಒಳ್ಳೆಯ ಸುದ್ದಿ ಏನೆಂದರೆ ಇದು ನೀರಿನಲ್ಲಿ ಕರಗುತ್ತದೆ. ಪೇಪರ್ ಪಕ್ಕಕ್ಕಿಡಿ, ಥಿನ್ನರ್ ಕೂಡ. ಉಗುರು ಬೆಚ್ಚಗಿನ ನೀರು, ಎರಡು ಹನಿ ಸೋಪು, ಸ್ಕಾಚ್ ಬ್ರೈಟ್. ತಿಕ್ಕಿ ತೊಳೆದು, ಒಳ್ಳೆಯ ನೀರಿನಲ್ಲಿ ಜಾಲಾಡಿ, ಒಣ ಬಟ್ಟೆಯಲ್ಲಿ ಒರೆಸಿ. ಆಮೇಲೆ ಒಂದೆರಡು ದಿನ ಬಿಟ್ಟು ಉಜ್ಜಿ ನೋಡಿ. ಒಣ ಪುಡಿ ಉದುರಿದರೆ ಸರಿ. ಉಂಡೆ ಉಂಡೆಯಾಗಿ ಪೇಪರ್‌ಗೆ ಹತ್ತಿದರೆ ಇನ್ನೂ ಹಸಿ ಇದೆ, ಬಿಡಿ.

ಮುಂದಿನ ಸಲಕ್ಕೆ, ಸಂಜೆ ಹೊತ್ತು ಬೇಡ. ತಗಡಿನ ಬಿಸಿ, ಇಬ್ಬನಿ ಕಟ್ಟುವ ಉಷ್ಣಾಂಶಕ್ಕಿಂತ ಕಡೇ ಪಕ್ಷ 3 ಡಿಗ್ರಿ ಮೇಲಿರಬೇಕು ಅನ್ನುವುದು ಪೇಂಟ್ ಕೆಲಸದ ನಿಯಮ. ಫೋನ್‌ನ ಹವಾಮಾನ ಆ್ಯಪ್‌ನಲ್ಲಿ ಡ್ಯೂ ಪಾಯಿಂಟ್ ಅಂತ ತೋರಿಸುತ್ತದೆ, ಅದೇ ಇಬ್ಬನಿ ಕಟ್ಟುವ ಉಷ್ಣಾಂಶ. ಧೂಳು ಏಳದಿರಲಿ ಅಂತ ನೆಲಕ್ಕೆ ಬಕೆಟ್‌ಗಟ್ಟಲೆ ನೀರು ಸುರಿಯುವ ಪದ್ಧತಿ ಇದೆಯಲ್ಲ, ಜುಲೈನಲ್ಲಿ ಅದನ್ನು ಬಿಟ್ಟುಬಿಡಿ. ಕಂಪ್ರೆಸರ್ ಟ್ಯಾಂಕ್‌ನ ಕೆಳಗಿನ ನಲ್ಲಿ ತಿರುಗಿಸಿ ನೀರು ಬಸಿಯಿರಿ. ಮಳೆಗಾಲದಲ್ಲಿ ಎಷ್ಟು ನೀರು ಬರುತ್ತದೆ ನೋಡಿದರೆ ಗಾಬರಿಯಾಗುತ್ತೀರಿ.

ಪ್ರಶ್ನೆ: ಮೈಸೂರಿನಲ್ಲಿ ತಯಾರಾದ ಹಳೇ ಯೆಜ್ಡಿ ನನ್ನದು. ಟ್ಯಾಂಕ್‌ಗೆ ಎಪಾಕ್ಸಿ ಪ್ರೈಮರ್ ಹಾಕಿ, ಮೇಲೆ ಡ್ಯೂಕೋ ಬಣ್ಣ ಹೊಡೆಸಿದೆ. ಪೆಟ್ರೋಲ್ ಹಾಕುವಾಗ ಚೆಲ್ಲಿದ ಕಡೆಯೆಲ್ಲ ಬಣ್ಣ ಕರಗಿದೆ, ಆದರೆ ಪ್ರೈಮರ್ ಹಾಗೇ ಇದೆ. ಪ್ರೈಮರ್ ಮತ್ತು ಬಣ್ಣ ಹೊಂದಲಿಲ್ಲ ಅಂತಾನಾ?
– ಬಸವನಗುಡಿಯ ಓದುಗರು

ಉತ್ತರ: ಹೊಂದಿಕೆಯ ಪ್ರಶ್ನೆ ಅಲ್ಲ. ಡ್ಯೂಕೋ ಅಂತ ನಮ್ಮಲ್ಲಿ ಕರೆಯುವುದು ಎನ್‌ಸಿ (ನೈಟ್ರೋಸೆಲ್ಯುಲೋಸ್) ಲ್ಯಾಕರ್. ಅದು ಥಿನ್ನರ್ ಆರಿ ಗಟ್ಟಿಯಾಗುವ ಬಣ್ಣ, ಒಳಗೆ ಯಾವ ಹೆಣಿಗೆಯೂ ಇಲ್ಲ. ಪೆಟ್ರೋಲ್ ಬಿದ್ದರೆ ಮತ್ತೆ ಮೆತ್ತಗಾಗುತ್ತದೆ. ಎಪಾಕ್ಸಿ ಹಾಗಲ್ಲ, ಅದಕ್ಕೇ ಉಳಿದಿದೆ.

ಲ್ಯಾಕರ್ ಪೂರ್ತಿ ತೆಗೆದುಬಿಡಿ, ಅದರ ಮೇಲೆ 2ಕೆ ಹೊಡೆದರೆ ಸುಕ್ಕುಗಟ್ಟುವ ಅಪಾಯ ಇದೆ. ಇದೊಂದು ಕಡೆ ಥಿನ್ನರ್ ಕೆಲಸಕ್ಕೆ ಬರುತ್ತದೆ ನೋಡಿ, ಲ್ಯಾಕರ್ ಕರಗುತ್ತದೆ, ಕೆಳಗಿನ ಗಟ್ಟಿ ಎಪಾಕ್ಸಿ ಉಳಿಯುತ್ತದೆ. ಪೆಟ್ರೋಲ್ ಖಾಲಿ ಮಾಡಿ, ಬಯಲಲ್ಲಿ ಮಾಡಿ. ಒರೆಸಿದ ಥಿನ್ನರ್ ಪೂರ್ತಿ ಆರಲು ಒಂದು ದಿನ ಬಿಟ್ಟು 400 ನಂಬರ್ ಪೇಪರ್ ಹಾಕಿ, ಬೇಸ್ ಕೋಟ್, ಮೇಲೆ ಹಾರ್ಡನರ್ ಹಾಕುವ 2ಕೆ ಪಿಯು (ಪಾಲಿಯುರಿಥೇನ್) ಕ್ಲಿಯರ್. ಗೆರೆ, ಸ್ಟಿಕ್ಕರ್ ಎಲ್ಲ ಬೇಸ್ ಮತ್ತು ಕ್ಲಿಯರ್ ಮಧ್ಯೆ ಬರಲಿ. ಸ್ಟಿಕ್ಕರ್ ಅಂಟಿಸುವ ಮೋಜಿನಲ್ಲಿ ದಿನ ಕಳೆಯಬೇಡಿ, ಬೇಸ್ ಕೋಟ್‌ಗೂ ಒಂದು ಅವಧಿ ಇದೆ. ಬಹಳಷ್ಟು ಕಂಪನಿಗಳು 24 ಗಂಟೆಯೊಳಗೆ ಕ್ಲಿಯರ್ ಹೊಡೆಯಿರಿ ಅನ್ನುತ್ತವೆ. ಕ್ಲಿಯರ್ ಪೂರ್ತಿ ಗಟ್ಟಿಯಾಗುವ ತನಕ ಪೆಟ್ರೋಲ್ ತಾಗಿಸಬೇಡಿ, ಕೆಲವು ದಿನ ಬೇಕು. ಮುಚ್ಚಳದ ವಾಷರ್ ಹೊಸದು ಹಾಕಿ. ಎಷ್ಟೇ ಒಳ್ಳೆಯ ಕ್ಲಿಯರ್ ಆದರೂ ದಿನಾ ಜಿನುಗುವ ಪೆಟ್ರೋಲ್ ತಡೆಯುವುದಿಲ್ಲ.

ಪ್ರಶ್ನೆ: ಪುಟ್ಟಿ ಮೊದಲಾ, ಎಪಾಕ್ಸಿ ಮೊದಲಾ? ಟಿಂಕರಿಂಗ್‌ನವರು ತಗಡಿನ ಮೇಲೇ ಪುಟ್ಟಿ ಹಾಕಬೇಕು ಅನ್ನುತ್ತಾರೆ.
– ವಿಜಯನಗರದ ಓದುಗರು

ಉತ್ತರ: ಎರಡೂ ನಡೆಯುತ್ತದೆ. ನನ್ನ ಒಲವು ಎಪಾಕ್ಸಿ ಮೊದಲು. ಕ್ರೀಮ್ ಹಾರ್ಡನರ್ ಬೆರೆಸುವ ಪಾಲಿಯೆಸ್ಟರ್ ಪುಟ್ಟಿ ತೇವ ಹೀರುತ್ತದೆ. ಅದರ ಕೆಳಗೆ ಬರಿಯ ತಗಡಿದ್ದರೆ ತುಕ್ಕು ಒಳಗಿಂದಲೇ ಶುರು. ಕೆಳಗೆ ಎಪಾಕ್ಸಿ ಇದ್ದರೆ ಆ ಭಯ ಇಲ್ಲ. ಎಪಾಕ್ಸಿಯ ಅವಧಿ ಮೀರಿದ್ದರೆ ಪುಟ್ಟಿ ಬೀಳುವ ಜಾಗಕ್ಕೆ ಮಾತ್ರ 80ರಿಂದ 180 ನಂಬರ್ ಪೇಪರ್, ಪುಟ್ಟಿಗೆ ಒರಟು ಗೀರೇ ಇಷ್ಟ. ಅವಧಿಯೊಳಗೇ ಇದ್ದರೂ ಚೆನ್ನಾಗಿ ಗಟ್ಟಿಯಾಗಿರಬೇಕು, ಹಸಿ ಎಪಾಕ್ಸಿ ಮೇಲೆ ಪುಟ್ಟಿ ಎಳೆಯಬೇಡಿ.

ಟ್ಯೂಬ್‌ನಲ್ಲಿ, ಸಣ್ಣ ಡಬ್ಬಿಯಲ್ಲಿ ಬರುವ ಎನ್‌ಸಿ ಪುಟ್ಟಿ ಬೇರೆ. ಅದು ಗೀರು, ಸೂಜಿತೂತು ಮುಚ್ಚಲು ಮಾತ್ರ. ಅದನ್ನೇ ದಪ್ಪಗೆ ಮೆತ್ತಿದರೆ ತಿಂಗಳುಗಟ್ಟಲೆ ಕುಗ್ಗುತ್ತಲೇ ಇರುತ್ತದೆ. ಪುಟ್ಟಿ ಯಾವುದೇ ಇರಲಿ, ಉಜ್ಜಿ ಸಮ ಮಾಡಿದ ಮೇಲೆ ಸರ್ಫೇಸರ್ ಹಾಕದೆ ನೇರ ಬಣ್ಣ ಹೊಡೆಯಬೇಡಿ, ಪುಟ್ಟಿಯ ಅಂಚು ನಕ್ಷೆಯ ಹಾಗೆ ಕಾಣುತ್ತದೆ.

ಪ್ರಶ್ನೆ: ತುಕ್ಕು ಹೋಗಲಿ ಅಂತ ಒಂದು ವಿಡಿಯೋ ನೋಡಿ ಮಡ್‌ಗಾರ್ಡ್‌ಗೆ ಕೋಲಾ ಸುರಿದು ಉಜ್ಜಿದೆ. ಆಮೇಲೆ ರಸ್ಟ್ ಕನ್ವರ್ಟರ್ (ತುಕ್ಕನ್ನು ಗಟ್ಟಿ ಪದರವಾಗಿಸುವ ಆಸಿಡ್ ದ್ರಾವಣ) ಕೂಡ ಹಚ್ಚಿದೆ. ಈಗ ಎಪಾಕ್ಸಿ ಹೊಡೆಯಬಹುದಾ?
– ಯಲಹಂಕದ ಓದುಗರು

ಉತ್ತರ: ಕೋಲಾದಲ್ಲಿ ಫಾಸ್ಫಾರಿಕ್ ಆಸಿಡ್ ಇರುವುದು ನಿಜ, ಸಕ್ಕರೆಯೂ ಇದೆಯಲ್ಲ, ಇರುವೆಗಳಿಗೆ ಹಬ್ಬ. ತಮಾಷೆ ಬಿಡಿ, ಆಸಿಡ್ ಉಳಿದಿರುವ ತಗಡಿನ ಮೇಲೆ ಎಪಾಕ್ಸಿ ಹೊಡೆದರೆ ಆ ಆಸಿಡ್ ಹಾರ್ಡನರ್‌ನ ಕೆಲಸಕ್ಕೇ ಅಡ್ಡ ಬರುತ್ತದೆ. ತಳದ ಪದರ ಸರಿಯಾಗಿ ಗಟ್ಟಿಯಾಗುವುದಿಲ್ಲ, ಮೇಲಿನದೆಲ್ಲ ಅದರ ಮೇಲೆ ನಿಂತಿರುತ್ತದೆ. ಎಚ್ ಪ್ರೈಮರ್ ಅಥವಾ ವಾಶ್ ಪ್ರೈಮರ್ (ಆಸಿಡ್ ಇರುವ ಪ್ರೈಮರ್‌ಗಳು) ಮೇಲೆ ಎಪಾಕ್ಸಿ ಬೇಡ ಅನ್ನುವುದೂ ಇದೇ ಕಾರಣಕ್ಕೆ, ಕಂಪನಿಯೇ ಹೊಡೆಯಬಹುದು ಅಂತ ಬರೆದಿದ್ದರೆ ಮಾತ್ರ ಹೊಡೆಯಿರಿ.

ತುಕ್ಕನ್ನು ಆಸಿಡ್ ಇಲ್ಲದೆ ಉಜ್ಜಿಯೇ ತೆಗೆಯುವುದು ವಾಸಿ. ಡ್ರಿಲ್‌ಗೆ ವೈರ್ ಬ್ರಷ್, ಆಮೇಲೆ 80 ನಂಬರ್, ಕೊನೆಗೆ 180. ತುಕ್ಕು ಆಳಕ್ಕೆ ಇಳಿದು ಕಪ್ಪು ಚುಕ್ಕೆಗಳು ಉಳಿದರೆ ಸ್ಯಾಂಡ್ ಬ್ಲಾಸ್ಟಿಂಗ್ ಮಾಡಿಸಿ. ಪೀಣ್ಯ ಕಡೆ ಕೈಗಾರಿಕಾ ಕೆಲಸ ಮಾಡುವವರು ಸಿಗುತ್ತಾರೆ. ಆದರೆ ಮಡ್‌ಗಾರ್ಡ್‌ನಂಥ ತೆಳು ತಗಡಿಗೆ ಒತ್ತಡ ಕಡಿಮೆ ಇಡಿ ಅಂತ ಮೊದಲೇ ಹೇಳಿ, ಇಲ್ಲದಿದ್ದರೆ ಸೊಟ್ಟಗಾಗುತ್ತದೆ. ಬರಿಯ ತಗಡು ಆದ ಮೇಲೆ ಅದೇ ದಿನ ಎಪಾಕ್ಸಿ ಬೀಳಬೇಕು. ಮುಟ್ಟುವಾಗ ಕೈಗೆ ಗ್ಲವ್ಸ್ ಇರಲಿ, ಬೆವರಿನ ಉಪ್ಪು ಸಾಕು ಹೊಸ ತುಕ್ಕಿಗೆ.

ಪ್ರಶ್ನೆ: ಬಾನೆಟ್‌ಗೆ ಬಣ್ಣ ಹೊಡೆಯುವಾಗ ಅಲ್ಲಲ್ಲಿ ಮೀನಿನ ಕಣ್ಣಿನಂತೆ ಗುಂಡಗೆ ಬಿಟ್ಟುಕೊಂಡಿತು. ಉಜ್ಜಿದ್ದು ಸರಿಯಾಗಿಯೇ ಇತ್ತು.
– ಜಯನಗರದ ಓದುಗರು

ಉತ್ತರ: ಸಿಲಿಕೋನ್. ಡ್ಯಾಶ್‌ಬೋರ್ಡ್ ಪಾಲಿಶ್, ಟೈರ್ ಶೈನ್, ಯಾವುದೋ ಸ್ಪ್ರೇ ಹತ್ತಿರದಲ್ಲಿ ಬಳಸಿದ್ದೀರಿ ಅಥವಾ ಅದನ್ನು ಮುಟ್ಟಿದ ಬಟ್ಟೆಯಲ್ಲೇ ಬಾನೆಟ್ ಒರೆಸಿದ್ದೀರಿ. ಮೇಲೆ ಇನ್ನಷ್ಟು ಬಣ್ಣ ಹೊಡೆದರೆ ಮುಚ್ಚುವುದಿಲ್ಲ. ಒಣಗಲು ಬಿಟ್ಟು, ಗ್ರೀಸ್ ರಿಮೂವರ್‌ನಲ್ಲಿ ಒರೆಸಿ, ಉಜ್ಜಿ, ಮತ್ತೆ ಒರೆಸಿ. ಹಳೇ ಬನಿಯನ್ ಬಟ್ಟೆ ಬೇಡ, ಬಟ್ಟೆ ಒಗೆಯುವ ಕಂಡೀಷನರ್‌ನಿಂದಲೂ ಹೀಗಾಗಬಹುದು. ನೂಲು ಬಿಡದ ಹೊಸ ಒರೆಸುವ ಬಟ್ಟೆ ತಗೊಳ್ಳಿ.

ಪ್ರಶ್ನೆ: ಉಳಿದ ಎಪಾಕ್ಸಿಯನ್ನು ಪ್ಲಾಸ್ಟಿಕ್ ಬಂಪರ್‌ಗೂ, ಮನೆ ಗೇಟಿಗೂ ಹೊಡೆಯಬಹುದಾ?
– ಕೆಂಗೇರಿಯ ಓದುಗರು

ಉತ್ತರ: ಬಂಪರ್‌ಗೆ ಬೇಡ. ಇತ್ತೀಚಿನ ಬಂಪರ್‌ಗಳು ಹೆಚ್ಚಾಗಿ ಪಾಲಿಪ್ರೊಪಿಲೀನ್, ಅದಕ್ಕೆ ಏನೂ ಸುಲಭವಾಗಿ ಅಂಟುವುದಿಲ್ಲ. ಪ್ಲಾಸ್ಟಿಕ್ ಪ್ರೈಮರ್ ಅಂತಲೇ ಬೇರೆ ಸಿಗುತ್ತದೆ, ಅದು ಬೇಕು. ಗೇಟಿಗೆ ಧಾರಾಳವಾಗಿ ಹೊಡೆಯಿರಿ, ರೆಡ್ ಆಕ್ಸೈಡ್‌ಗಿಂತ ಎಷ್ಟೋ ವಾಸಿ, ಆದರೆ ಬಿಸಿಲಿಗೆ ಬಿಳಿಚದಂತೆ ಮೇಲೆ ಬಣ್ಣ ಬೇಕೇ ಬೇಕು. ಗ್ಯಾಲ್ವನೈಸ್ಡ್ ಪೈಪಿನ ಗೇಟಾದರೆ ಎಪಾಕ್ಸಿ ಇನ್ನೂ ಒಳ್ಳೆಯದು. ಸತುವಿನ ಮೇಲೆ ನೇರವಾಗಿ ಎನಾಮಲ್ ಹೊಡೆದರೆ ಅದರ ಎಣ್ಣೆ ಸೋಪಿನಂತಾಗಿ ಬಣ್ಣ ಸಿಪ್ಪೆ ಏಳುತ್ತದೆ. ಅಂದ ಹಾಗೆ ಬೆರೆಸದ ಡಬ್ಬಿಗಳನ್ನು ಮುಚ್ಚಿಡಬಹುದು. ಬೆರೆಸಿದ್ದನ್ನು ಪಾಟ್ ಲೈಫ್ (ಬೆರೆಸಿದ ಮೇಲೆ ಬಳಸಬಹುದಾದ ಅವಧಿ) ಮುಗಿಯುವ ಮೊದಲು ಖಾಲಿ ಮಾಡಬೇಕು. ತೆಳ್ಳಗೇ ಕಾಣುತ್ತಿದೆಯಲ್ಲ ಅಂತ ಅವಧಿ ಮೀರಿದ್ದಕ್ಕೆ ಥಿನ್ನರ್ ಸುರಿದು ಹೊಡೆಯಬೇಡಿ.

ಪ್ರಶ್ನೆ: ನಮ್ಮದು ಅಪಾರ್ಟ್‌ಮೆಂಟ್. ಬೇಸ್‌ಮೆಂಟ್ ಪಾರ್ಕಿಂಗ್‌ನಲ್ಲಿ ಧೂಳಿಲ್ಲ, ಮಳೆ ಇಲ್ಲ. ಮೂಗಿಗೆ ಕರ್ಚೀಫ್ ಕಟ್ಟಿಕೊಂಡು ಅಲ್ಲೇ ಹೊಡೆದರೆ?
– ವೈಟ್‌ಫೀಲ್ಡ್‌ನ ಓದುಗರು

ಉತ್ತರ: ದಯವಿಟ್ಟು ಬೇಡ. ಅಸೋಸಿಯೇಷನ್‌ನವರು ಬಯ್ಯುತ್ತಾರೆ ಅನ್ನುವುದು ಸಣ್ಣ ವಿಷಯ. ಥಿನ್ನರ್ ಆವಿ ಗಾಳಿಗಿಂತ ಭಾರ, ಬೇಸ್‌ಮೆಂಟ್‌ನಲ್ಲಿ ಕೆಳಗೇ ತುಂಬಿಕೊಳ್ಳುತ್ತದೆ, ಒಂದು ಸ್ವಿಚ್ಚಿನ ಕಿಡಿ ಸಾಕು. 2ಕೆ ಪಿಯು ಬಣ್ಣ ಮತ್ತು ಕ್ಲಿಯರ್‌ನ ಹಾರ್ಡನರ್‌ನಲ್ಲಿ ಐಸೋಸಯನೇಟ್ ಇರುತ್ತದೆ. ಅದು ಉಸಿರಿನಲ್ಲಿ ಹೋಗಿ ಒಮ್ಮೆ ಅಲರ್ಜಿ ಹಿಡಿದರೆ, ಮುಂದೆ ಸ್ವಲ್ಪ ತಾಗಿದರೂ ಅಸ್ತಮಾ ಥರ ಉಬ್ಬಸ ಬರುತ್ತದೆ. ಕರ್ಚೀಫ್, ಬಟ್ಟೆ ಮಾಸ್ಕ್ ಇದನ್ನು ತಡೆಯುವುದಿಲ್ಲ. ಬಯಲಲ್ಲಿ ಹೊಡೆಯುವಾಗಲೂ ಆರ್ಗ್ಯಾನಿಕ್ ವೇಪರ್ ಕಾರ್ಟ್ರಿಜ್ ಮತ್ತು ಧೂಳಿನ ಫಿಲ್ಟರ್ ಇರುವ ಮಾಸ್ಕ್ ಬೇಕು. ದಿನಾ ಇದೇ ಕೆಲಸ ಮಾಡುವವರಿಗೆ ಹೊರಗಿನ ಶುದ್ಧ ಗಾಳಿ ಪೈಪಿನಲ್ಲಿ ಬರುವ ಮಾಸ್ಕ್ ಇರಬೇಕು. ಎಪಾಕ್ಸಿ ಹಾರ್ಡನರ್ ಚರ್ಮಕ್ಕೆ ಅಲರ್ಜಿ ತರುತ್ತದೆ, ನೈಟ್ರೈಲ್ ಗ್ಲವ್ಸ್ ಹಾಕಿ. ನಿಮ್ಮಂಥವರಿಗೆ ನನ್ನ ಸಲಹೆ ಇಷ್ಟೇ. ಉಜ್ಜುವುದು, ಒರೆಸುವುದು, ಮಾಸ್ಕಿಂಗ್ ಎಲ್ಲಾ ನೀವೇ ಮಾಡಿ, ಬಣ್ಣ ಹೊಡೆಯಲು ಬೂತ್ ಇರುವ ಗ್ಯಾರೇಜ್‌ಗೆ ಕೊಡಿ. ಎಪಾಕ್ಸಿ ಯಾವ ಕಂಪನಿಯದು, ಯಾವ ದಿನ ಎಷ್ಟು ಗಂಟೆಗೆ ಹೊಡೆದದ್ದು ಅಂತ ಒಂದು ಚೀಟಿ ಬರೆದು ವಿಂಡ್‌ಶೀಲ್ಡ್‌ಗೆ ಅಂಟಿಸಿ ಕಳಿಸಿ.

ಪ್ರಶ್ನೆ: ಬಿಳಿ ಕಾರನ್ನು ಹಸಿರು ಮಾಡುತ್ತಿದ್ದೇನೆ. ಆರ್‌ಸಿ ಬದಲಾಯಿಸಬೇಕಾ?
– ಬನಶಂಕರಿಯ ಓದುಗರು

ಉತ್ತರ: ಹೌದು. ಆರ್‌ಸಿಯಲ್ಲಿ ಬಣ್ಣ ನಮೂದಾಗಿರುತ್ತದೆ. ಬೇಸ್ ಕೋಟ್ ಕೊಳ್ಳುವ ಮೊದಲು ಆರ್‌ಟಿಒ ಕಚೇರಿಗೆ ಹೋಗಿ ಕೇಳಿಕೊಂಡು ಬನ್ನಿ. ಅಲ್ಲಿ ಎಷ್ಟು ದಿನ ಹಿಡಿಯುತ್ತದೋ ನೋಡಿಕೊಂಡು ಆಮೇಲೆ ಪ್ರೈಮರ್ ಬೆರೆಸಿ.